ನಾರ್ವೆಯ ಹಳೇ ಚರ್ಚ್ ಪುಸ್ತಕದಲ್ಲಿ ಮದುವೆ ತಾರೀಖು ಓದುವುದು: ನನ್ನ ಅನುಭವ

ನನ್ನ ಗಂಡನ ಕಡೆಯವರು ನಾರ್ವೆಯವರು. ಅವರ ಹಿರಿಯರ ಮದುವೆ ದಾಖಲೆ ಹುಡುಕುವ ಕೆಲಸ ಈಗ ಪೂರ್ತಿ ನನ್ನದೇ, ನನಗೆ ಅದು ತುಂಬಾ ಇಷ್ಟ ಕೂಡ. ಹಳೇ ಚರ್ಚ್ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ನಾರ್ವೆಯ ರಾಷ್ಟ್ರೀಯ ದಾಖಲಾಗಾರದ ವೆಬ್‌ಸೈಟ್ ಆದ ಡಿಜಿಟಾಲ್‌ಆರ್ಕಿವೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

1700ರ ದಶಕಗಳ ಪುಟ ತೆರೆದರೆ ಎಷ್ಟೋ ಕಡೆ ತಿಂಗಳು, ದಿನ ಇರುವುದೇ ಇಲ್ಲ. ನಮ್ಮಜ್ಜಿ 'ಗೌರಿ ಹಬ್ಬದ ಮಾರನೇ ದಿನ' ಅನ್ನುತ್ತಿದ್ದ ಹಾಗೆ, ಪಾದ್ರಿ ಚರ್ಚಿನ ಹಬ್ಬದ ಲೆಕ್ಕದಲ್ಲಿ ಬರೆದಿರುತ್ತಾರೆ, ಅದೂ ಲ್ಯಾಟಿನ್‌ನಲ್ಲಿ ಮೊಟಕು ಮಾಡಿ.

1763ರ ಒಂದು ಮದುವೆ ನೋಡಿ. 'ಡೊಮ್. 4 ಪಿ.' ಅಂತ ಸ್ಪಷ್ಟವಾಗಿದೆ, ಅಂದರೆ ಯಾವುದೋ ಹಬ್ಬ ಆದಮೇಲಿನ ನಾಲ್ಕನೇ ಭಾನುವಾರ, ಆದರೆ ಹಬ್ಬದ ಹೆಸರಿನ ಮೇಲೆ ಶಾಯಿ ಹರಡಿದೆ. ಎಪಿಫನಿ (ಜನವರಿ 6ರ ಹಬ್ಬ), ಈಸ್ಟರ್, ಟ್ರಿನಿಟಿ, ಮೂರರಲ್ಲಿ ಯಾವುದೂ ಇರಬಹುದು. ಆ ವರ್ಷ ಈಸ್ಟರ್ ಏಪ್ರಿಲ್ 3ಕ್ಕೆ ಬಿದ್ದಿತ್ತು. ಹಾಗಾಗಿ ಜನವರಿ 30ಕ್ಕೇ ಸೆಪ್ಟುಅಜೆಸಿಮಾ, ಅಂದರೆ ಈಸ್ಟರ್‌ಗೆ ಒಂಬತ್ತು ವಾರ ಮುಂಚಿನ ಭಾನುವಾರ, ಬಂದುಬಿಡುತ್ತದೆ. ಎಪಿಫನಿ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ, ಎಪಿಫನಿ ನಂತರ ನಾಲ್ಕನೇ ಭಾನುವಾರಕ್ಕೆ ಜಾಗವೇ ಇಲ್ಲ. ಈಸ್ಟರ್ ಲೆಕ್ಕ ಹಿಡಿದರೆ ಮೇ 1 ಆಗುತ್ತದೆ. ಆದರೆ ಅದರ ಮೇಲಿನ ಸಾಲಿನ ಮದುವೆ ಪೆಂಟಕಾಸ್ಟ್ (ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಹಬ್ಬ) ಮಾರನೇ ಸೋಮವಾರದ್ದು, ಅಂದರೆ ಮೇ 23. ಪಾದ್ರಿ ದಿನದ ಪ್ರಕಾರವೇ ಬರೆದುಕೊಂಡು ಹೋಗಿದ್ದಾರೆ, ಹಿಂದಿನ ತಾರೀಖು ಕೆಳಗೆ ಬರಲ್ಲ ಅಲ್ವಾ? ಉಳಿದದ್ದು ಟ್ರಿನಿಟಿ. ಅದು ಈಸ್ಟರ್ ಆಗಿ ಎಂಟು ವಾರಕ್ಕೆ, ಮೇ 29. ಅಲ್ಲಿಂದ ನಾಲ್ಕನೇ ಭಾನುವಾರ ಜೂನ್ 26.

ಅದಕ್ಕೇ ನಾನು ಒಂದೇ ಸಾಲನ್ನು ದೊಡ್ಡದು ಮಾಡಿ ದಿಟ್ಟಿಸುತ್ತಾ ಕೂರುವುದಿಲ್ಲ. ಮೊದಲು ಮೇಲಿನ ಕೆಳಗಿನ ಸಾಲುಗಳನ್ನು ಓದುತ್ತೇನೆ. ಆ ಪಾದ್ರಿಯ ಕೈ ಹೇಗೆ ಓಡುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಗಾಥಿಕ್ ಕೈಬರಹದಲ್ಲಿ 'ಯು' ಮತ್ತು 'ಎನ್' ಒಂದೇ ಥರ ಕಾಣುತ್ತವೆ, 'ಯು' ಮೇಲೆ ಸಣ್ಣ ಕೊಕ್ಕೆ ಇರುತ್ತದೆ ಅಷ್ಟೇ. ಜೂನ್, ಜುಲೈ ಗೊಂದಲ ಬಂದರೆ ಕೊನೆಯ ಅಕ್ಷರಗಳಲ್ಲಿ 'ಎಲ್'ನ ಎತ್ತರದ ಗೆರೆ ಇದೆಯಾ ನೋಡಿ. ತಿಂಗಳನ್ನು '7ಬಿಆರ್' ಅಂತ ಬರೆದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ. '8ಬಿಆರ್' ಅಕ್ಟೋಬರ್, 'ಎಕ್ಸ್‌ಬಿಆರ್' ಡಿಸೆಂಬರ್.

ಒಂದೇ ಜೋಡಿಗೆ ಎರಡು ತಾರೀಖು ಕಂಡರೆ ಗಾಬರಿ ಬೇಡ. 'ಟ್ರೋಲ್.' ಅಂತ ಇರುವುದು ನಿಶ್ಚಿತಾರ್ಥ, 'ಕಾಪ್.' ಅಂತ ಇರುವುದು ಮದುವೆ. ವಂಶವೃಕ್ಷಕ್ಕೆ ನಾನು ಎರಡನ್ನೂ ಬರೆದುಕೊಳ್ಳುತ್ತೇನೆ, ಪಕ್ಕದಲ್ಲಿ ಪಾದ್ರಿ ಬರೆದ ಹಬ್ಬದ ಹೆಸರನ್ನೂ ಹಾಗೇ ಇಡುತ್ತೇನೆ, ನಾಳೆ ಯಾರಾದರೂ ಲೆಕ್ಕ ತಾಳೆ ನೋಡಬೇಕಾದರೆ ಬೇಕಾಗುತ್ತದೆ.