ಯಂತ್ರದ ಪುಸ್ತಕದಲ್ಲಿ ‘ಓಕೆ’ ಎಂದು ಬರೆಯಬೇಡಿ

ಪೀಣ್ಯವಿರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಿರಲಿ, ಬೆಳಗಾವಿಯ ಉದ್ಯಮಬಾಗ ಇರಲಿ, ಹತ್ತಿಪ್ಪತ್ತು ಜನ ದುಡಿಯುವ ಶೆಡ್ಡಿನಲ್ಲಿ ಮೇಂಟೆನೆನ್ಸ್ ಪುಸ್ತಕ ಕೇಳಿದರೆ ಒಂದು ಸಿಕ್ಕೇ ಸಿಗುತ್ತದೆ. ತೆರೆದರೆ ಪುಟದ ತುಂಬ ‘ಚೆಕ್ ಮಾಡಲಾಗಿದೆ, ಓಕೆ’. ಮೂರು ತಿಂಗಳ ಬರಹಕ್ಕೆ ಒಂದೇ ಪೆನ್ನು, ಒಂದೇ ಕೈ. ಆಡಿಟ್‌ನವರು ಬರುವ ಹಿಂದಿನ ಸಂಜೆ ಕೂತು ತುಂಬಿದ್ದೆಂದು ನೋಡಿದ ಕೂಡಲೇ ತಿಳಿಯುತ್ತದೆ. ಕಂಪ್ರೆಸರ್ ನಿಂತ ದಿನ ಅದನ್ನು ಯಾರೂ ತೆರೆಯುವುದಿಲ್ಲ. ತೆರೆದರೂ ಹಿಂದಿನ ಸಲ ಯಾಕೆ ನಿಂತಿತ್ತು, ಯಾವ ಬೆಲ್ಟ್ ಹಾಕಿದರು, ಎಣ್ಣೆ ಬದಲಿಸಿ ಎಷ್ಟು ಗಂಟೆ ಓಡಿದೆ ಎಂಬ ಒಂದು ಪ್ರಶ್ನೆಗೂ ಅದರಲ್ಲಿ ಉತ್ತರವಿರುವುದಿಲ್ಲ.

ಯಂತ್ರದ ಪುಸ್ತಕ ಆಡಿಟರ್‌ಗಾಗಿ ಇರುವುದಲ್ಲ. ಮುಂದಿನ ಸಲ ಅದೇ ಯಂತ್ರದ ಮುಂದೆ ಸ್ಪ್ಯಾನರ್ ಹಿಡಿದು ನಿಲ್ಲುವ ಫಿಟ್ಟರ್‌ಗಾಗಿ ಇರುವುದು. ಅವನಿಗೆ ಬೇಕಾದ್ದು ಅಂಕಿ. ಇಪ್ಪತ್ತು ಮೂವತ್ತು ಯಂತ್ರಗಳ ಒಳಗಿರುವ ವರ್ಕ್‌ಶಾಪ್‌ಗೆ ಈ ಕ್ರಮ ಸಾಕು.

1. ಶೆಡ್ಡು ಸುತ್ತಿ ನಂಬರ್ ಹಾಕಿ

ಲೇತ್, ಡ್ರಿಲ್ಲಿಂಗ್, ಜನರೇಟರ್ ಎಲ್ಲರಿಗೂ ನೆನಪಾಗುತ್ತವೆ. ಬಿಟ್ಟುಹೋಗುವುದು ಚೈನ್ ಪುಲ್ಲಿ, ಕೈ ಗ್ರೈಂಡರ್, ವೆಲ್ಡಿಂಗ್ ಸೆಟ್, ಗಾಳಿಯ ಟ್ಯಾಂಕ್, ಯುಪಿಎಸ್ ಬ್ಯಾಟರಿ, ಬೆಂಕಿ ಆರಿಸುವ ಸಿಲಿಂಡರ್. ಅವನ್ನೂ ಪಟ್ಟಿಗೆ ಸೇರಿಸಿ. ಕಂ-1, ಲೇ-2, ಜ-1 ಎಂಬಂತೆ ಚಿಕ್ಕ ನಂಬರ್ ಕೊಡಿ. ‘ಬಾಗಿಲ ಪಕ್ಕದ ಲೇತ್’ ಎಂದು ಜಾಗದ ಮೇಲೆ ಹೆಸರಿಟ್ಟರೆ ಯಂತ್ರ ಜಾಗ ಬದಲಿಸಿದ ದಿನ ಗೊಂದಲ ಶುರು. ಗುಜರಿಗೆ ಹೋದ ಯಂತ್ರದ ನಂಬರನ್ನು ಹೊಸದಕ್ಕೆ ಕೊಡಬೇಡಿ.

ಮೋಟಾರ್‌ಗಳಿಗೆ ಬೇರೆಯೇ ನಂಬರ್ ಇರಲಿ. ಬಹಳ ಕಡೆ ತಪ್ಪುವುದು ಇಲ್ಲಿಯೇ. ಲೇ-2ರ ಮೋಟಾರ್ ಸುಟ್ಟಾಗ ನಿಂತಿರುವ ಇನ್ನೊಂದು ಯಂತ್ರದ್ದನ್ನು ಕಿತ್ತು ಹಾಕುತ್ತಾರೆ. ಸುಟ್ಟದ್ದು ಹೊಸ ತಂತಿ ಸುತ್ತಿ ರಿವೈಂಡಿಂಗ್ ಆಗಿ ಬಂದು ಮತ್ತೆಲ್ಲೋ ಸೇರುತ್ತದೆ. ಎರಡು ವರ್ಷದಲ್ಲಿ ಯಾವ ಮೋಟಾರ್ ಎಷ್ಟು ಸಲ ರಿವೈಂಡ್ ಆಯಿತು ಎಂದು ಹೇಳುವವರೇ ಇರುವುದಿಲ್ಲ.

ಕಾಗದದ ಸ್ಟಿಕ್ಕರ್ ಕೂಲಂಟ್‌ಗೆ, ಎಣ್ಣೆಗೆ ತಡೆಯುವುದಿಲ್ಲ. ಕ್ಯೂಆರ್ ಸ್ಟಿಕ್ಕರ್ ಎಂದು ದುಬಾರಿಗೆ ಮಾರುವುದೂ ಹಲವು ಸಲ ಅದೇ ಕಾಗದ, ಮೇಲೊಂದು ಹೊಳಪು ಅಷ್ಟೇ. ಪೇಂಟ್ ಮಾರ್ಕರ್‌ನಲ್ಲಿ ಬರೆಯಿರಿ, ಇಲ್ಲವೇ ಪಂಚ್ ಹೊಡೆದ ಅಲ್ಯೂಮಿನಿಯಂ ತಗಡು ಹಾಕಿ. ಗಾಳಿಯ ಟ್ಯಾಂಕಿಗೆ ಮಾತ್ರ ಡ್ರಿಲ್ ತಾಗಿಸಬಾರದು. ಅದು ಒತ್ತಡ ತಡೆಯುವ ಪಾತ್ರೆ. ತಗಡನ್ನು ತಂತಿಯಲ್ಲಿ ಪೈಪಿಗೆ ಕಟ್ಟಿ.

2. ಪುಸ್ತಕ

ಗಟ್ಟಿ ರಟ್ಟಿನ, ಪುಟಸಂಖ್ಯೆ ಇರುವ ಉದ್ದ ನೋಟ್‌ಬುಕ್. ದೊಡ್ಡ ಯಂತ್ರಕ್ಕೆ ಒಂದೊಂದು, ಚಿಕ್ಕವಕ್ಕೆಲ್ಲ ಸೇರಿ ಒಂದು. ಅಂಗಡಿಯಲ್ಲಿ ಸಿಗುವ ಅಚ್ಚಾದ ಮೇಂಟೆನೆನ್ಸ್ ರಿಜಿಸ್ಟರ್ ಬೇಡ. ಅದರಲ್ಲಿ ಸಹಿಗೆ ನಾಲ್ಕು ಕಾಲಂ ಇರುತ್ತವೆ, ಮಾಡಿದ ಕೆಲಸ ಬರೆಯಲು ಎರಡು ಬೆರಳಗಲ ಜಾಗ. ‘ಓಕೆ’ ಬರೆಯುವ ಚಟ ಅಲ್ಲಿಂದಲೇ ಹತ್ತುವುದು. ಜೆಲ್ ಪೆನ್ ಎಣ್ಣೆ ಕೈ ತಾಗಿದರೆ ಹರಡುತ್ತದೆ; ಬಾಲ್ ಪೆನ್ನನ್ನು ದಾರದಲ್ಲಿ ಪುಸ್ತಕಕ್ಕೇ ಕಟ್ಟಿಬಿಡಿ.

3. ಮೊದಲ ಪುಟ

ನೇಮ್ ಪ್ಲೇಟ್‌ನಲ್ಲಿ ಇರುವುದೆಲ್ಲ ಇಲ್ಲಿಗೆ ಬರಬೇಕು: ತಯಾರಕರು, ಸೀರಿಯಲ್ ನಂಬರ್, ಎಚ್‌ಪಿ, ವೋಲ್ಟ್, ಆಂಪಿಯರ್, ಆರ್‌ಪಿಎಂ. ಕೊಂಡ ದಿನ, ಬೆಲೆ, ವಾರಂಟಿ ಮುಗಿಯುವ ದಿನ, ಸರ್ವಿಸ್‌ನವರ ಫೋನ್. ಆಮೇಲೆ ಸವೆಯುವ ಭಾಗಗಳು: ಬೆಲ್ಟ್ ಸೈಜು, ಎಷ್ಟು ಬೆಲ್ಟ್, ಫಿಲ್ಟರ್ ನಂಬರ್, ಎಣ್ಣೆಯ ಗ್ರೇಡ್ ಮತ್ತು ಎಷ್ಟು ಲೀಟರ್, ಬೇರಿಂಗ್ ನಂಬರ್. ಬೆಲ್ಟ್ ಬೆನ್ನಿನ ಮೇಲಿನ ‘ಬಿ 52’ ಎಂಬ ಅಚ್ಚು ಓಡಿ ಓಡಿ ಅಳಿಸುತ್ತದೆ, ಹೊಸದಿದ್ದಾಗಲೇ ಬರೆದಿಡಿ. ಬೇರಿಂಗ್ ನಂಬರ್ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಮೋಟಾರ್ ಬಿಚ್ಚಿದ ದಿನ ತುಂಬಿ. ಅಂದಾಜಿಗೆ ಬರೆದ ನಂಬರ್ ಖಾಲಿ ಜಾಗಕ್ಕಿಂತ ಕೆಟ್ಟದ್ದು.

4. ಗಂಟೆ ಲೆಕ್ಕ

ಎಣ್ಣೆ, ಫಿಲ್ಟರ್ ಬದಲಿಸುವುದು ಓಡಿದ ಗಂಟೆಯ ಮೇಲೆ. ಡೀಸೆಲ್ ಜನರೇಟರ್‌ಗಳಲ್ಲಿ ಸಾಮಾನ್ಯವಾಗಿ 250ರಿಂದ 500 ಗಂಟೆ. ನಿಮ್ಮದಕ್ಕೆ ಎಷ್ಟೆಂದು ಮ್ಯಾನುಯಲ್ ನೋಡಿ. ಅದರ ಜೊತೆಗೇ ‘ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದೂ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಕರೆಂಟ್ ಚೆನ್ನಾಗಿರುವ ವರ್ಷ ಜನರೇಟರ್ 40 ಗಂಟೆಯೂ ಓಡುವುದಿಲ್ಲ, ಆದರೂ ಎಂಜಿನ್ ತಳದ ಸಂಪಿನಲ್ಲಿರುವ ಎಣ್ಣೆ ಹಾಳಾಗುತ್ತಲೇ ಇರುತ್ತದೆ.

ಕಂಪ್ರೆಸರ್‌ಗೆ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಕಾಯಿಲ್‌ಗೆ ಸಮಾನಾಂತರವಾಗಿ ಕೊಟ್ಟರೆ ಮೋಟಾರ್ ಓಡುವಾಗ ಮಾತ್ರ ಮೀಟರ್ ಓಡುತ್ತದೆ. ಕಾಯಿಲ್ ಎಷ್ಟು ವೋಲ್ಟಿನದೋ ಮೀಟರೂ ಅಷ್ಟರದ್ದೇ ಇರಬೇಕು. ಸೋಮವಾರ ಬೆಳಗ್ಗೆ ಎಲ್ಲ ಮೀಟರ್‌ಗಳ ರೀಡಿಂಗ್ ಬರೆಯುವುದು ಒಬ್ಬನದೇ ಕೆಲಸವಾಗಿರಲಿ. ಮೀಟರ್ ಕೆಟ್ಟು ಹೊಸದು ಹಾಕಿದರೆ ‘ಹಳೆಯದು 3,870ಕ್ಕೆ ನಿಂತಿತು, ಹೊಸದು 0’ ಎಂದು ಕೆಂಪಿನಲ್ಲಿ ಬರೆಯದಿದ್ದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಸುಳ್ಳು.

5. ರಿಪೇರಿ ಬರೆಯುವುದು

ಪುಸ್ತಕ ನಿಲ್ಲುವುದೂ ಬೀಳುವುದೂ ಇದರ ಮೇಲೆ. ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ: ‘ಕಂಪ್ರೆಸರ್ ಟ್ರಿಪ್ ಆಗುತ್ತಿತ್ತು. ಸರಿಪಡಿಸಲಾಯಿತು.’ ಆರು ತಿಂಗಳ ಮೇಲೆ ಮತ್ತೆ ಟ್ರಿಪ್ ಆದಾಗ ಫಿಟ್ಟರ್ ಮೊದಲಿನಿಂದ ಹುಡುಕಬೇಕು. ಅದೇ ಕೆಲಸವನ್ನು ಹೀಗೆ ಬರೆಯಬಹುದು:

‘ಕಂ-1. ಬೆಳಗ್ಗೆ 10.20ಕ್ಕೆ ನಿಂತಿತು. ಮೀಟರ್ 3,412. ಲಕ್ಷಣ: ಟ್ಯಾಂಕ್ ಖಾಲಿ ಇದ್ದರೆ ಸ್ಟಾರ್ಟ್ ಆಗುತ್ತದೆ, ಒತ್ತಡ ಇದ್ದಾಗ ಸ್ಟಾರ್ಟ್ ಮಾಡಿದರೆ ಓವರ್‌ಲೋಡ್ ಟ್ರಿಪ್. ನಿಂತ ಮೇಲೂ ಪ್ರೆಷರ್ ಸ್ವಿಚ್ ಕೆಳಗಿಂದ ಗಾಳಿ ಸುಯ್ಯೆಂದು ಬರುತ್ತಲೇ ಇದೆ. ಕಾರಣ: ನಾನ್ ರಿಟರ್ನ್ ವಾಲ್ವ್‌ನಲ್ಲಿ ಕಾರ್ಬನ್ ಕೂತು ಟ್ಯಾಂಕಿನ ಗಾಳಿ ಹೆಡ್‌ಗೆ ವಾಪಸ್. ಕೆಲಸ: ಟ್ಯಾಂಕ್ ಖಾಲಿ ಮಾಡಿ ವಾಲ್ವ್ ಬಿಚ್ಚಿ ತೊಳೆದು ಸೀಟ್ ಹೊಸದು. ಆಮೇಲೆ: 6 ಕೆ.ಜಿ. ಒತ್ತಡದಲ್ಲಿ ಮೂರು ಸಲ ಸ್ಟಾರ್ಟ್ ಮಾಡಿ ನೋಡಿದೆ, ಟ್ರಿಪ್ ಇಲ್ಲ. ಕರೆಂಟ್ 6.9, 7.1, 7.0. ಓವರ್‌ಲೋಡ್ ಸೆಟ್ಟಿಂಗ್ 7.5, ಮುಟ್ಟಿಲ್ಲ. ಮಧ್ಯಾಹ್ನ 1ಕ್ಕೆ ಚಾಲೂ.’

ಬರೆಯಲು ಐದು ನಿಮಿಷ. ಲಕ್ಷಣ, ಕಾರಣ, ಕೆಲಸ, ಆಮೇಲಿನ ರೀಡಿಂಗ್, ನಾಲ್ಕೂ ಬೇರೆ ಬೇರೆ ಇವೆ ಎಂಬುದನ್ನು ಗಮನಿಸಿ. ಲಕ್ಷಣವನ್ನು ಯಂತ್ರ ನಡೆಸುವವನ ಮಾತಿನಲ್ಲೇ ಬರೆಯಿರಿ. ‘ಬಿಸಿಯಾದ ಮೇಲೆ ಕರ್‌ರ್ ಎನ್ನುತ್ತದೆ’ ಎಂಬುದು ‘ಅಸಹಜ ಶಬ್ದ’ಕ್ಕಿಂತ ಉಪಯೋಗದ ಮಾತು. ಕಾರಣ ಸಿಗದಿದ್ದರೆ ‘ಕಾರಣ ಸಿಗಲಿಲ್ಲ, ರಿಸೆಟ್ ಮಾಡಿದ ಮೇಲೆ ಓಡುತ್ತಿದೆ’ ಎಂದೇ ಬರೆಯಿರಿ. ಅಂಥ ಮೂರು ಸಾಲು ಒಂದರ ಕೆಳಗೊಂದು ಬಂದರೆ ಅದೇ ಸುಳಿವು. ಏನೋ ಒಂದು ಕಾರಣ ಹೊಸೆದು ಬರೆದರೆ ಆ ಸುಳಿವು ಹೋಯಿತು.

ಸೆಟ್ಟಿಂಗ್ ‘ಮುಟ್ಟಿಲ್ಲ’ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಮೋಟಾರ್ ಪದೇ ಪದೇ ಟ್ರಿಪ್ ಆದಾಗ ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು 7.5ರಿಂದ 10 ಆಂಪಿಯರ್‌ಗೆ ತಿರುಗಿಸಿ ಹೋಗುವ ಅಭ್ಯಾಸ ಎಷ್ಟೋ ಕಡೆ ಇದೆ. ಟ್ರಿಪ್ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ವೈಂಡಿಂಗ್ ಸುಡುತ್ತದೆ, ರಿವೈಂಡ್ ಆಗಿ ಬಂದ ಮೋಟಾರ್‌ಗೂ ರಿಲೇ 10ರಲ್ಲೇ ಉಳಿಯುತ್ತದೆ. ರಿಲೇ, ಪ್ರೆಷರ್ ಸ್ವಿಚ್, ಟೈಮರ್, ಯಾವುದನ್ನು ತಿರುಗಿಸಿದರೂ ಹಿಂದೆ ಎಷ್ಟಿತ್ತು, ಈಗ ಎಷ್ಟು, ತಿರುಗಿಸಿದವರು ಯಾರು ಎಂದು ಬರೆಯಲೇಬೇಕು.

ಭಾಗದ ಹೆಸರು ಸಾಲದು, ನಂಬರ್ ಬೇಕು. ‘ಮೋಟಾರ್ ಬೇರಿಂಗ್ ಬದಲಿಸಿದೆ’ ಎಂದರೆ ಯಾವುದು? 6205 ಮತ್ತು 6305 ಎರಡರದ್ದೂ ಒಳತೂತು 25 ಮಿ.ಮೀ.; ಹೊರ ಅಳತೆ ಒಂದರದ್ದು 52, ಇನ್ನೊಂದರದ್ದು 62. ಶಾಫ್ಟ್ ಅಳೆದು ಅಂಗಡಿಗೆ ಹೋದವನು ತಪ್ಪು ತರುವುದು ಹೀಗೆ. ನಂಬರಿನ ಬಾಲವನ್ನೂ ಬರೆಯಿರಿ: ‘ಜಡ್‌ಜಡ್’ ಎಂದರೆ ತಗಡಿನ ಮುಚ್ಚಳ, ‘2ಆರ್‌ಎಸ್’ ಎಂದರೆ ರಬ್ಬರ್ ಸೀಲು, ‘ಸಿ3’ ಎಂದರೆ ಒಳಗಿನ ಸಡಿಲ ಸ್ವಲ್ಪ ಹೆಚ್ಚು. ಪುಲ್ಲಿ ಕಡೆಯದೋ ಫ್ಯಾನ್ ಕಡೆಯದೋ ಎಂಬುದೂ ಬೇಕು. ನಕಲಿ ಬೇರಿಂಗ್‌ಗಳು ಅಸಲಿ ಡಬ್ಬಿಯಂಥದ್ದರಲ್ಲೇ ಬರುತ್ತವೆ. ಡಬ್ಬಿಯ ಫೋಟೊ ತೆಗೆದು, ಅಂಗಡಿಯ ಹೆಸರು ಬರೆದಿಡಿ. ಬೇಗ ಹೋದದ್ದು ಯಾವ ಅಂಗಡಿಯ ಮಾಲು ಎಂದು ಪುಸ್ತಕವೇ ಹೇಳುತ್ತದೆ. ಗ್ರೀಸ್ ಹೊಡೆದರೆ ಯಾವ ಗ್ರೀಸ್ ಎಂದೂ ಬೇಕು. ಲಿಥಿಯಂ ಗ್ರೀಸ್ ಇರುವಲ್ಲಿ ಪಾಲಿಯೂರಿಯಾ ಸೇರಿಸಿದರೆ ಎರಡೂ ನೀರಾಗಿ ಹರಿದುಹೋಗುವ ಸಂಭವವಿದೆ. ಜೋಡಿ ಬೆಲ್ಟ್‌ಗಳಲ್ಲಿ ಒಂದು ಹರಿದರೂ ಎರಡನ್ನೂ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

‘ಎಣ್ಣೆ ಟಾಪ್ ಅಪ್’ ಎಂದಷ್ಟೇ ಬರೆಯುವುದು ಇನ್ನೊಂದು ಚಟ. ಎಷ್ಟು ಮಿ.ಲೀ. ಎಂದು ಬರೆಯಿರಿ. ವಾರಕ್ಕೆ 100 ಮಿ.ಲೀ. ಕುಡಿಯುತ್ತಿದ್ದ ಕಂಪ್ರೆಸರ್ 300 ಕುಡಿಯತೊಡಗಿದರೆ ಪಿಸ್ಟನ್ ರಿಂಗ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಈ ಏರಿಕೆ ಯಂತ್ರ ನಿಲ್ಲುವ ಎಷ್ಟೋ ದಿನ ಮೊದಲೇ ಪುಟದ ಮೇಲೆ ಕಾಣುತ್ತದೆ.

ತಾತ್ಕಾಲಿಕ ರಿಪೇರಿಗೆ ಕೆಂಪು ಶಾಯಿ, ಪಕ್ಕದಲ್ಲಿ ಕಾಯಂ ಮಾಡಬೇಕಾದ ದಿನಾಂಕ. ತಿರುಗುವ ಭಾಗ ಮುಚ್ಚುವ ಗಾರ್ಡ್ ಬಿಚ್ಚಿಟ್ಟಿದ್ದರೆ, ಲಿಮಿಟ್ ಸ್ವಿಚ್‌ಗೆ ತಂತಿ ಸುತ್ತಿ ಬೈಪಾಸ್ ಮಾಡಿದ್ದರೆ ಯಂತ್ರವನ್ನು ಓಡಿಸಲೇಬಾರದು. ಹಾಗಿದ್ದದ್ದು ಕಣ್ಣಿಗೆ ಬಿದ್ದರೆ ಬರೆದು, ಮಾಲೀಕರ ಸಹಿ ಹಾಕಿಸಿ. ಸಹಿ ಕೇಳಿದ ಕೂಡಲೇ ಗಾರ್ಡ್ ವಾಪಸ್ ಬರುತ್ತದೆ.

ಬರೆಯುವ ಹೊತ್ತು ಯಾವುದು? ಯಂತ್ರವನ್ನು ಕೆಲಸಕ್ಕೆ ಬಿಡುವ ಮೊದಲು. ಸಂಜೆಗೆಂದು ಬಿಟ್ಟರೆ ರೀಡಿಂಗ್ ಮರೆಯುತ್ತದೆ, ಶನಿವಾರಕ್ಕೆಂದು ಬಿಟ್ಟರೆ ಕೆಲಸವೇ ಮರೆಯುತ್ತದೆ. ಬರೆಯುವವನು ರಿಪೇರಿ ಮಾಡಿದವನೇ ಆಗಿರಲಿ. ಕನ್ನಡ, ಹಿಂದಿ, ತಮಿಳು, ಬರುವ ಭಾಷೆಯಲ್ಲಿ ಬರೆಯಲಿ. ಇಂಗ್ಲಿಷ್‌ನಲ್ಲೇ ಬರೆಯಬೇಕೆಂದು ಹಟ ಹಿಡಿದರೆ ಸಿಗುವುದು ಮತ್ತೆ ‘ಓಕೆ’. ಬರೆಯಲು ಬಾರದವನಾದರೆ ಸೂಪರ್‌ವೈಸರ್ ಯಂತ್ರದ ಪಕ್ಕದಲ್ಲೇ ನಿಂತು ಕೇಳಿ ಬರೆದುಕೊಳ್ಳಲಿ. ವಾಟ್ಸ್ಯಾಪ್ ಗುಂಪಿಗೆ ಹಾಕಿದ ವಾಯ್ಸ್ ಮೆಸೇಜ್ ದಾಖಲೆಯಲ್ಲ, ಫೋನ್ ಬದಲಾದ ದಿನ ಅದು ಇಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಸಹಿ ಹಾಕಿ. ವೈಟ್ನರ್ ಬೇಡ, ಪುಟ ಹರಿಯುವುದಂತೂ ಬೇಡವೇ ಬೇಡ.

ಎಎಂಸಿಯವರು, ಅಂದರೆ ವರ್ಷದ ಮೇಂಟೆನೆನ್ಸ್ ಗುತ್ತಿಗೆಯವರು, ಬಂದಾಗಲೂ ಇದೇ ನಿಯಮ. ಅವರ ಕಾರ್ಬನ್ ಕಾಪಿಯಲ್ಲಿ ಅರ್ಧ ಅಕ್ಷರ ಮೂಡಿರುವುದಿಲ್ಲ, ಮೂಡಿದ್ದರಲ್ಲೂ ‘ಯೂನಿಟ್ ಚೆಕ್ಡ್’ ಅಷ್ಟೇ. ಮೂರು ಫೇಸಿನ ಕರೆಂಟ್, ಎಣ್ಣೆಯ ಒತ್ತಡ, ಬ್ಯಾಟರಿಯ ವೋಲ್ಟೇಜ್ ನಿಮ್ಮ ಪುಸ್ತಕದಲ್ಲಿ ಬರೆದ ಮೇಲೆಯೇ ಅವರ ಹಾಳೆಗೆ ಸಹಿ ಹಾಕಿ.

6. ಬಿಲ್ಲು

ಥರ್ಮಲ್ ಕಾಗದದ ಬಿಲ್ಲಿನ ಅಕ್ಷರ ತಿಂಗಳುಗಳಲ್ಲೇ ಮಾಸುತ್ತದೆ. ಜೆರಾಕ್ಸ್ ಮಾಡಿಸಿ ಅಂಟಿಸಿ.

7. ಕಾನೂನಿನ ಪರೀಕ್ಷೆಗಳಿಗೆ ಬೇರೆ ಪುಸ್ತಕ

ಇವನ್ನು ರಿಪೇರಿ ಪುಸ್ತಕದಲ್ಲಿ ಬೆರೆಸಿದರೆ ತಾರೀಖು ತಪ್ಪುತ್ತದೆ. 1948ರ ಕಾರ್ಖಾನೆ ಕಾಯ್ದೆ ಹಾಕಿಕೊಟ್ಟ ಪದ್ಧತಿಯಂತೆ ಲಿಫ್ಟ್‌ಗೆ 6 ತಿಂಗಳಿಗೊಮ್ಮೆ, ಕ್ರೇನ್, ಚೈನ್ ಪುಲ್ಲಿ, ಸರಪಳಿ, ಹಗ್ಗಗಳಿಗೆ 12 ತಿಂಗಳಿಗೊಮ್ಮೆ ಸರ್ಕಾರ ಮಾನ್ಯ ಮಾಡಿದ ಸಕ್ಷಮ ವ್ಯಕ್ತಿಯಿಂದ ಪರೀಕ್ಷೆ ಆಗಬೇಕು. ಹೊಸ ಕಾರ್ಮಿಕ ಸಂಹಿತೆಯಲ್ಲಿ ಫಾರಂ ಯಾವುದು, ನಿಮ್ಮ ಘಟಕಕ್ಕೆ ಯಾವುದೆಲ್ಲ ಅನ್ವಯ ಎಂಬುದನ್ನು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಕಚೇರಿಯಲ್ಲೇ ಕೇಳಿ, ಏಜೆಂಟರ ಮಾತು ನಂಬಬೇಡಿ. ಬೆಂಕಿ ಆರಿಸುವ ಸಿಲಿಂಡರ್‌ಗಳಲ್ಲಿ ಗೇಜ್ ಇರುವ ಪೌಡರಿನದಕ್ಕೆ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಇಂಗಾಲದ ಡೈಆಕ್ಸೈಡಿನದಕ್ಕೆ ಮುಳ್ಳೇ ಇರುವುದಿಲ್ಲ, ತೂಕ ಹಾಕಬೇಕು; ಒಳಗಿನ ಅನಿಲ ಶೇ 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮರುಭರ್ತಿ. ತೂಕ ಹಾಕದೆ ಹೊಸ ಚೀಟಿ ಕಟ್ಟಿ ಹೋಗುವವರಿದ್ದಾರೆ, ಹಾಗಾಗಿ ಕಾಲಂಗೆ ‘ತೂಕ’ ಎಂದೇ ಹೆಸರಿಡಿ. ವರ್ನಿಯರ್, ಮೈಕ್ರೊಮೀಟರ್, ಪ್ರೆಷರ್ ಗೇಜ್‌ಗಳ ಕ್ಯಾಲಿಬ್ರೇಷನ್ ತಾರೀಖೂ ಇದೇ ಪುಸ್ತಕದಲ್ಲಿರಲಿ.

8. ತಿಂಗಳಿಗೊಮ್ಮೆ ಓದಿ

ಮಾಲೀಕರೋ ಸೂಪರ್‌ವೈಸರೋ ತಿಂಗಳ ಮೊದಲ ವಾರ ಅರ್ಧ ಗಂಟೆ ಕೂರಬೇಕು. ಒಂದೇ ಲಕ್ಷಣ ಎರಡನೇ ಸಲ ಬಂದಿದೆಯೇ, ಕೆಂಪು ಶಾಯಿಯ ಕೆಲಸ ಮುಗಿದಿದೆಯೇ, ಮುಂದಿನ ಎಣ್ಣೆ ಬದಲಿಗೆ ಎಷ್ಟು ಗಂಟೆ ಉಳಿದಿದೆ, ಇಷ್ಟು ನೋಡಿದರೆ ಸಾಕು. ಎಕ್ಸೆಲ್ ಬೇಕಾಗುವುದು ಈಗ: ಯಂತ್ರದ ನಂಬರ್, ನಿಂತ ಗಂಟೆ, ಖರ್ಚು, ಮೂರೇ ಕಾಲಂ. ವರ್ಷದ ಕೊನೆಗೆ ಕೂಡಿದಾಗ ಯಾವ ಯಂತ್ರವನ್ನು ಮಾರುವುದು ಲಾಭ ಎಂಬುದು ತಾನೇ ಕಾಣುತ್ತದೆ. ಯಂತ್ರಗಳು ನೂರು ದಾಟಿದರೆ ಆ್ಯಪ್ ಕೊಳ್ಳಿ. ಅಲ್ಲಿಯವರೆಗೆ ಆ್ಯಪ್ ತಂದರೆ, ಅದನ್ನು ತುಂಬುತ್ತಿದ್ದ ಹುಡುಗ ಕೆಲಸ ಬಿಟ್ಟ ದಿನ ಪಾಸ್‌ವರ್ಡೂ ಅವನ ಜೊತೆಗೇ ಹೋಗುತ್ತದೆ.

ಪುಸ್ತಕ ತುಂಬಿದರೆ ಮೊದಲ ಪುಟವನ್ನು, ಕೊನೆಯ ಎಣ್ಣೆ ಬದಲಿಯ ಮೀಟರ್ ರೀಡಿಂಗನ್ನು, ಬಾಕಿ ಇರುವ ಕೆಂಪು ಸಾಲುಗಳನ್ನು ಹೊಸದಕ್ಕೆ ಇಳಿಸಿ. ಹಳೆಯದರ ರಟ್ಟಿನ ಮೇಲೆ ಎಂದಿನಿಂದ ಎಂದಿನವರೆಗೆ ಎಂದು ಬರೆದು ಆಫೀಸಿನ ಬೀರುವಿನಲ್ಲಿಡಿ. ಸ್ಟೋರಿನಲ್ಲಿಟ್ಟರೆ ಗೆದ್ದಲು ಹಿಡಿಯುತ್ತದೆ, ಇಲ್ಲವೇ ಯಾರೋ ಕೈ ಒರೆಸಲು ಹರಿಯುತ್ತಾರೆ. ಯಂತ್ರ ಮಾರುವಾಗ ಎಲ್ಲ ಪುಸ್ತಕಗಳನ್ನೂ ಮೇಜಿನ ಮೇಲಿಡಿ. ಕೊಳ್ಳುವವರು ಎಣ್ಣೆ ಬದಲಿಸಿದ ಪುಟಗಳನ್ನು ನೋಡಿದ ಮೇಲೆ ಬೆಲೆಯ ಮಾತಿಗೆ ಕೂರಲಿ.