ಲೈಬ್ರರಿಯಲ್ಲಿ ಪುಟಾಣಿಗಳಿಗೆ ಚಿತ್ರಪುಸ್ತಕ ಆರಿಸೋದು ಹೇಗೆ?

ಮೊದಲು ಮಗುವನ್ನು ಜೊತೆಗೆ ಕರ್ಕೊಂಡು ಹೋಗಿ. ಬೆಂಗಳೂರಿನವರಾದರೆ ಕಬ್ಬನ್ ಪಾರ್ಕಿನಲ್ಲೇ ಮಕ್ಕಳ ಲೈಬ್ರರಿ ಇದೆ, ಆಟವೂ ಆಯ್ತು.

ಪ್ರಥಮ್ ಬುಕ್ಸ್ ಪ್ರಕಾಶನದ ಪುಸ್ತಕ ಸಿಕ್ಕಿದರೆ ಅದರ ಮೇಲೆ ಬರೆದಿರುವ ಓದಿನ ಹಂತ ನೋಡಿ. 1ರಿಂದ 4ರವರೆಗೆ ಇರುತ್ತದೆ. ಇನ್ನೂ ಓದಲು ಬಾರದ ಮಕ್ಕಳಿಗೆ 1 ಸಾಕು: ಮಾತು ಕಡಿಮೆ, ಚಿತ್ರ ಜಾಸ್ತಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಅಂತಾದರೆ ತೂಲಿಕಾ ಪ್ರಕಾಶನದ ದ್ವಿಭಾಷಾ ಪುಸ್ತಕ ಹುಡುಕಿ, ಒಂದೇ ಪುಸ್ತಕದಲ್ಲಿ ಎರಡೂ ಸಿಗುತ್ತವೆ.

ಒಂದು ಪುಟ ಅಲ್ಲೇ ಜೋರಾಗಿ ಓದಿ ನೋಡಿ. ನಾಲಿಗೆ ತೊಡರಿದರೆ, ವಾಕ್ಯ ಪಠ್ಯಪುಸ್ತಕದ ಹಾಗಿದ್ದರೆ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಇಟ್ಟುಬಿಡಿ. ಬುದ್ಧಿ ಹೇಳೋ ಪುಸ್ತಕಗಳೂ ಬೇಡ, ಆ ಕೆಲಸಕ್ಕೆ ನಾವಿದ್ದೇವೆ ಅಲ್ವಾ?

ಹೋದವಾರದ ಪುಸ್ತಕವನ್ನೇ ಮತ್ತೆ ಕೇಳಿದರೆ ಸುಮ್ನೆ ಕೊಡಿಸಿ. ಹರಿದ ಪುಟ ಇದ್ದರೆ ಮಾತ್ರ ಕೌಂಟರಿನಲ್ಲಿ ಮೊದಲೇ ತೋರಿಸಿಬಿಡಿ.