ಓಡುತ್ತಿರುವ ಡೇಟಾಬೇಸಿನ ಬ್ಯಾಕಪ್: ಬ್ಯಾಡಗಿಯಲ್ಲಿ ನನ್ನ ಅನುಭವ

ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸೀಸನ್ನಿನಲ್ಲಿ ಟೆಂಡರ್ ಮುಗಿದು, ತೂಕ ಆಗಿ, ರೈತರ ಕೈಗೆ ಪಟ್ಟಿ (ಮಾರಾಟದ ಬಿಲ್ಲು) ಕೊಡುವಷ್ಟರಲ್ಲಿ ರಾತ್ರಿ ಬಹಳ ಆಗಿರುತ್ತದೆ. ಅಂಥ ಹೊತ್ತಿನಲ್ಲಿ ಬ್ಯಾಕಪ್‌ಗೆ ಅಂತ ಡೇಟಾಬೇಸ್ ನಿಲ್ಲಿಸಲು ಆಗುತ್ತದಾ? ದುಡ್ಡಿಗೆ ಕಾದು ಕೂತವರನ್ನು ಇನ್ನೂ ಕಾಯಿಸಬಾರದು.

ಹಾಗಾಗಿ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಆದ ಮೈಎಸ್‌ಕ್ಯೂಎಲ್ ಓಡುತ್ತಿರುವಾಗಲೇ ಅದರ ಡೇಟಾ ಫೋಲ್ಡರನ್ನು ದಿನಾ ರಾತ್ರಿ ಹೊರಗಿನ ಡಿಸ್ಕಿಗೆ ಕಾಪಿ ಮಾಡುತ್ತಿದ್ದೆ. ಒಂದು ಎರರ್ ಕೂಡ ಬರುತ್ತಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಸರ್ವರಿನ ಡಿಸ್ಕ್ ಕೆಟ್ಟಿತು. ಗುರುವಾರದ ಕಾಪಿ ಹಾಕಿದರೆ ಡೇಟಾಬೇಸ್ ಏಳಲೇ ಇಲ್ಲ. ಪೇಜುಗಳ (ಡೇಟಾ ಫೈಲಿನ ತುಂಡುಗಳ) ಲಾಗ್ ಸೀಕ್ವೆನ್ಸ್ ನಂಬರ್, ಅಂದರೆ ಬದಲಾವಣೆಯ ಕ್ರಮಸಂಖ್ಯೆ, 'ಇನ್ ದ ಫ್ಯೂಚರ್' ಅಂತ ಎರರ್ ಲಾಗ್ ತುಂಬಾ ಬಂದಿತ್ತು. ಬದಲಾವಣೆಗಳನ್ನು ಬರೆದಿಡುವ ಲಾಗ್ ಫೈಲ್ ಮೊದಲು ಕಾಪಿ ಆಗಿದೆ, ಡೇಟಾ ಪೇಜುಗಳು ಆಮೇಲೆ. ಅಷ್ಟರಲ್ಲಿ ಡೇಟಾ ಮುಂದೆ ಹೋಗಿತ್ತು.

ಕಿರ್ದಿ ಅಂದರೆ ದಿನದ ವಹಿ, ಖತಾವಣಿ ಅಂದರೆ ಖಾತೆವಾರು ಲೆಕ್ಕದ ಪುಸ್ತಕ. ಅಂಗಡಿಯ ಗುಮಾಸ್ತರಿಗೆ ಕೇಳಿದೆ, "ಕಾಕಾ, ಕಿರ್ದಿ ಹತ್ತಕ್ಕ ನಕಲು ಮಾಡಿ, ಖತಾವಣಿ ಹತ್ತೂವರಿಗೆ ಮಾಡಿದ್ರ ತಾಳೆ ಆಗತೈತೇನ್ರಿ?"

"ಹ್ಯಾಂಗ ಆಗತೈತಿ? ನಡುವ ಬರದಿದ್ದು ಒಂದರಾಗ ಇರತೈತಿ, ಇನ್ನೊಂದರಾಗ ಇರೂದಿಲ್ಲ."

ಅಂಗಡಿ ಮುಚ್ಚಿದ್ದ ಭಾನುವಾರದ ಕಾಪಿ ಮಾತ್ರ ಎದ್ದಿತು. ಸೋಮವಾರದಿಂದ ಮುಂದಿನ ಪಟ್ಟಿಗಳನ್ನೆಲ್ಲ ಕಾಗದದ ಪ್ರತಿ ನೋಡಿ ಇಬ್ಬರೂ ಕೂತು ಮತ್ತೆ ಟೈಪ್ ಮಾಡಿದೆವು.

ಈಗ ಡೇಟಾವನ್ನು ಒಂದು ಫೈಲಿಗೆ ಬರೆದುಕೊಡುವ ಮೈಎಸ್‌ಕ್ಯೂಎಲ್‌ಡಂಪ್ ಬಳಸುತ್ತೇನೆ, ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಹಾಕಿ. ಶುರುವಾದ ಕ್ಷಣದಲ್ಲಿ ಡೇಟಾ ಹೇಗಿತ್ತೋ, ಡಂಪ್‌ಗೆ ಕೊನೆತನಕ ಹಾಗೆಯೇ ಕಾಣುತ್ತದೆ. ಪಟ್ಟಿ ಮಾಡುವವರು ಮಾಡುತ್ತಲೇ ಇರಬಹುದು. ಆದರೆ ಇದು ಇನೋಡಿಬಿ ಎಂಬ ಬಗೆಯ ಟೇಬಲ್‌ಗಳಿಗೆ ಮಾತ್ರ. 2010ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.5 ಆವೃತ್ತಿಯಿಂದ ಹೊಸ ಟೇಬಲ್‌ಗಳು ತಾವಾಗಿಯೇ ಇನೋಡಿಬಿ ಆಗುತ್ತವೆ. ಅದಕ್ಕಿಂತ ಹಳೆಯದಿದ್ದರೆ ದಯವಿಟ್ಟು ಒಂದೊಂದನ್ನೂ ನೋಡಿಕೊಳ್ಳಿ. ನಮ್ಮ ಹಮಾಲಿ ಲೆಕ್ಕದ ಟೇಬಲ್ ಇನ್ನೂ ಮೈಐಸ್ಯಾಮ್ ಎಂಬ ಹಳೆಯ ಬಗೆಯದಾಗಿತ್ತು, ಬದಲಾಯಿಸಿದೆ. ಡಂಪ್ ನಡೆಯುವಾಗ ಆಲ್ಟರ್ ಟೇಬಲ್ (ಟೇಬಲ್ಲಿನ ರಚನೆ ಬದಲಾಯಿಸುವ ಆದೇಶ) ಮಾಡಲು ಯಾರಿಗೂ ಬಿಡುವುದಿಲ್ಲ. ಡಂಪ್ ಆದ ಮೇಲೆ ಬರೆದದ್ದು ಉಳಿಯಲಿ ಅಂತ ಪ್ರತಿ ಬದಲಾವಣೆಯನ್ನೂ ಬರೆದಿಡುವ ಬೈನರಿ ಲಾಗ್ ಬೇರೆ ಡಿಸ್ಕಿನಲ್ಲಿದೆ.

ಫೈಲಿನ ಕೊನೆಯ ಸಾಲಲ್ಲಿ 'ಡಂಪ್ ಕಂಪ್ಲೀಟೆಡ್' ಅಂತ ಇಲ್ಲದಿದ್ದರೆ ಅದನ್ನು ಬ್ಯಾಕಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇದ್ದರೂ ನನಗೆ ಸಾಲದು. ಪ್ರತಿ ಶುಕ್ರವಾರ ಅದನ್ನು ಹಳೆಯ ಕಂಪ್ಯೂಟರಿಗೆ ಹಾಕಿ, ಅದರಲ್ಲಿರುವ ಕೊನೆಯ ಪಟ್ಟಿ ನಂಬರ್ ನೋಡುತ್ತೇನೆ. ಅಲ್ಲಿಯವರೆಗಿನ ಚೀಲ, ತೂಕ ನಾನು ಓದುತ್ತೇನೆ, ಕಾಕಾ ಕಿರ್ದಿಯ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾರೆ.